ಹಳೆಯ ಪಿಕಪ್ಪಿಗೆ ಹೊಸ ದಮ್ಮು: ಎಂಜಿನ್ ಜೋಡಣೆಗಳ ಒಂದು ವಿಮರ್ಶೆ

‘ಗಾಡ್ಯಾಗ ದಮ್ಮೇ ಇಲ್ಲರೀ ಸರ.’ ಹತ್ತು-ಹದಿನೈದು ವರ್ಷ ಓಡಿದ ಪಿಕಪ್ ವಾಹನದ ಮಾಲೀಕರು ಕಲಬುರಗಿಯ ಗ್ಯಾರೇಜುಗಳಲ್ಲಿ ಹೇಳುವ ಮಾತು ಇದು. ಕಮಲಾಪುರದ ಕಡೆಯಿಂದ ಕೆಂಪು ಬಾಳೆಗೊನೆ, ತರಕಾರಿ, ಸುಗ್ಗಿಯಲ್ಲಿ ತೊಗರಿ ಚೀಲ ಹೇರಿಕೊಂಡು ನಗರದ ಮಾರುಕಟ್ಟೆಗೆ ಬರುವ ಇಂಥ ವಾಹನಗಳು ನೂರಾರು. ಮಾಲೀಕನೇ ಚಾಲಕನಾಗಿರುವುದು ಸಾಮಾನ್ಯ. ಹೊಸ ಗಾಡಿಗೆ ಸಾಲ ಮಾಡುವ ಧೈರ್ಯವಿಲ್ಲ, ಹಳೆಯದು ಏರಿನಲ್ಲಿ ಉಸಿರು ಬಿಡುತ್ತದೆ. ಈ ಎರಡರ ನಡುವೆ ಸಿಕ್ಕಿಕೊಂಡವನ ಮುಂದೆ ಹಲವು ವಸ್ತುಗಳು ಬಂದು ನಿಲ್ಲುತ್ತವೆ. ಡೀಸೆಲ್ ಪೈಪಿಗೆ ಕಟ್ಟುವ ಮ್ಯಾಗ್ನೆಟ್, ನೀರಿನಿಂದ ಹೈಡ್ರೋಜನ್ ತೆಗೆಯುವ ಡಬ್ಬಿ, ಟ್ಯಾಂಕಿಗೆ ಸುರಿಯುವ ದ್ರವ, ‘ಫ್ರೀ ಫ್ಲೋ’ ಏರ್ ಫಿಲ್ಟರ್, ಪಂಪಿನ ಸ್ಕ್ರೂ ತಿರುಗಿಸಿ ‘ಪಿಕಪ್ ಏರಿಸುವ’ ಮಿಸ್ತ್ರಿಯ ಕೈಚಳಕ, ಕೊನೆಗೆ ಟರ್ಬೊ.

ಇವುಗಳಲ್ಲಿ ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆಯನ್ನು ಭೌತಶಾಸ್ತ್ರದ ಮೇಷ್ಟ್ರು ಎಂಬ ಕಾರಣಕ್ಕೆ ನನಗೂ ಕೆಲವರು ಕೇಳುವುದುಂಟು. ಯಾವುದನ್ನು ಕೊಳ್ಳಬೇಕು ಎಂದು ಕೇಳುವ ಮೊದಲು ಕೊರತೆ ಇರುವುದು ಎಲ್ಲಿ ಎಂದು ಕೇಳಬೇಕು ಎಂಬುದು ನನ್ನ ಉತ್ತರ. ಮಾರುಕಟ್ಟೆಯ ಕರಪತ್ರಗಳು ಈ ಎರಡನೆಯ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ನನ್ನ ಮುಖ್ಯ ಆಕ್ಷೇಪವೂ ಇದೇ.

ಬೇಕಾದ ಶಕ್ತಿ ಎಷ್ಟು?

ಮೊದಲು ಒಂದು ಸರಳ ಲೆಕ್ಕ ಮಾಡೋಣ. ಮಹೀಂದ್ರದ ಬೊಲೆರೊ ಪಿಕಪ್‌ನಲ್ಲಿ ಹಲವು ವರ್ಷ ಬಂದ 2,523 ಘನ ಸೆಂ.ಮೀ. ಡೀಸೆಲ್ ಎಂಜಿನ್ನಿನ ಸಾಮರ್ಥ್ಯ ಸುಮಾರು 63 ಅಶ್ವಶಕ್ತಿ, ಅಂದರೆ ಸುಮಾರು 46 ಕಿಲೋವ್ಯಾಟ್. ಖಾಲಿ ವಾಹನ ಮತ್ತು ಚಾಲಕ ಸೇರಿ 1,650 ಕಿ.ಗ್ರಾಂ. ಎಂದಿಟ್ಟುಕೊಳ್ಳಿ. ಅದರಲ್ಲಿ 50 ಕಿ.ಗ್ರಾಂ.ನ 25 ಚೀಲ ತೊಗರಿ ಹೇರಿದರೆ ಒಟ್ಟು 2,900 ಕಿ.ಗ್ರಾಂ. ಆಗುತ್ತದೆ.

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವಾಗ ಎಂಜಿನ್ ಎದುರಿಸಬೇಕಾದದ್ದು ಎರಡು ತಡೆಗಳನ್ನು. ಟೈರು ಉರುಳುವಾಗಿನ ತಡೆ ತೂಕದ ಶೇ. 1.2ರಷ್ಟೆಂದು ಹಿಡಿದರೆ ಸುಮಾರು 340 ನ್ಯೂಟನ್. ಪಿಕಪ್ಪಿನಂಥ ಚೌಕಾಕಾರದ ಮೂತಿಗೆ ಗಾಳಿಯ ತಡೆ ಸುಮಾರು 230 ನ್ಯೂಟನ್. ಎರಡೂ ಸೇರಿ 570 ನ್ಯೂಟನ್. ಇದನ್ನು ಸೆಕೆಂಡಿಗೆ 16.7 ಮೀಟರ್ ವೇಗದಿಂದ ಗುಣಿಸಿ, ಗೇರುಪೆಟ್ಟಿಗೆ ಮತ್ತು ಆಕ್ಸಲ್‌ನಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ಸುಮಾರು 11 ಕಿಲೋವ್ಯಾಟ್ ಬರುತ್ತದೆ. ಹದಿನೈದು ಅಶ್ವಶಕ್ತಿ! 2005ರಲ್ಲಿ ರಸ್ತೆಗಿಳಿದ ಟಾಟಾ ಏಸ್‌ನ ಪುಟ್ಟ ಎರಡು ಸಿಲಿಂಡರ್ ಎಂಜಿನ್ನಿನ ಒಟ್ಟು ಸಾಮರ್ಥ್ಯವೇ 16 ಅಶ್ವಶಕ್ತಿ ಎಂಬುದನ್ನು ಇಲ್ಲಿ ನೆನೆಯಬಹುದು.

ಈಗ 25 ಮೀಟರಿಗೆ 1 ಮೀಟರ್ ಏರುವ ರಸ್ತೆ ಬಂತೆನ್ನಿ. ಅದೇ 60ರ ವೇಗದಲ್ಲಿ ಹತ್ತಲು 44-45 ಅಶ್ವಶಕ್ತಿ ಬೇಕು. ಇನ್ನೂ 18 ಅಶ್ವಶಕ್ತಿ ಕೈಯಲ್ಲಿ ಉಳಿಯುತ್ತದೆ. ಹಾಗಾದರೆ ‘ದಮ್ಮಿಲ್ಲ’ ಎಂಬ ದೂರು ಎಲ್ಲಿಂದ ಬಂತು? 25 ಚೀಲದ ಜಾಗದಲ್ಲಿ 50 ಚೀಲ ಹೇರಿ ನೋಡಿ. ಒಟ್ಟು ತೂಕ 4,150 ಕಿ.ಗ್ರಾಂ. ಆಗಿ, ಅದೇ ಏರಿಗೆ ಅದೇ ವೇಗದಲ್ಲಿ 61 ಅಶ್ವಶಕ್ತಿ ಬೇಕಾಗುತ್ತದೆ. ಹೊಸ ಎಂಜಿನ್ನೂ ಅಲ್ಲಿಗೆ ಸೋತು ನಿಲ್ಲುತ್ತದೆ. ಸವೆದ ಎಂಜಿನ್ ಅದಕ್ಕೂ ಮೊದಲೇ ಕೈಚೆಲ್ಲುತ್ತದೆ. ಹೇರಿದವನು ದೂರುವುದು ಮಾತ್ರ ಎಂಜಿನ್ನನ್ನು.

ಅದೇ ಅತಿಭಾರದ ಗಾಡಿ ಅದೇ ಏರನ್ನು 40ರ ವೇಗದಲ್ಲಿ ಹತ್ತಿದರೆ ಬೇಕಾಗುವುದು 38-39 ಅಶ್ವಶಕ್ತಿ. ಒಂದು ಕಿ.ಮೀ. ಉದ್ದದ ಏರಿನಲ್ಲಿ ಹೀಗೆ ನಿಧಾನಿಸುವುದರಿಂದ ಕಳೆದುಕೊಳ್ಳುವ ಸಮಯ ಅರ್ಧ ನಿಮಿಷ. ಅರ್ಧ ನಿಮಿಷ ಉಳಿಸಲು ಜನ ಟರ್ಬೊ ಹಾಕಿಸುತ್ತಾರೆ ಎಂದರೆ ನಂಬುವುದು ಕಷ್ಟ. ಆದರೆ ಗೇರು ಇಳಿಸುವುದನ್ನು ಅವಮಾನವೆಂದು ತಿಳಿಯುವ ಚಾಲಕರನ್ನು ನೀವೂ ನೋಡಿರಬಹುದು. ಅತಿಭಾರ ಸರಿ ಎಂದು ನಾನು ಹೇಳುತ್ತಿಲ್ಲ. ಅದು ಯಾಕೆ ಸರಿಯಲ್ಲ ಎಂಬುದನ್ನು ಮುಂದೆ ಬ್ರೇಕಿನ ವಿಷಯ ಬಂದಾಗ ನೋಡೋಣ.

ಬೇಸಿಗೆಯ ಗಾಳಿ

ಕಲಬುರಗಿಯಲ್ಲಿ ಈ ದೂರು ಏಪ್ರಿಲ್-ಮೇ ತಿಂಗಳಲ್ಲಿ ಹೆಚ್ಚು ಕೇಳಿಬರುವುದಕ್ಕೆ ನಿಜವಾದ ಕಾರಣ ಒಂದಿದೆ. ಡೀಸೆಲ್ ಎಂಜಿನ್ ಎಷ್ಟು ಇಂಧನವನ್ನು ಹೊಗೆಯಿಲ್ಲದೆ ಸುಡಬಲ್ಲದು ಎಂಬುದು ಸಿಲಿಂಡರಿನೊಳಗೆ ಹೋಗುವ ಗಾಳಿಯ ತೂಕವನ್ನು ಅವಲಂಬಿಸಿದೆ. ಒಂದು ಗ್ರಾಂ ಡೀಸೆಲ್‌ಗೆ ಸುಮಾರು 20 ಗ್ರಾಂ ಗಾಳಿ ಬೇಕು. ಅದಕ್ಕಿಂತ ಕಡಿಮೆಯಾದರೆ ಕಪ್ಪು ಹೊಗೆ. ನಗರ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಇಲ್ಲಿ 43 ಡಿಗ್ರಿ ಬಿಸಿಲಿನಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ 1.06 ಕಿ.ಗ್ರಾಂ.; ಕಡಲತೀರದ 25 ಡಿಗ್ರಿಯ ಗಾಳಿಯ ತೂಕ 1.18 ಕಿ.ಗ್ರಾಂ. ಅಂದರೆ ಟರ್ಬೊ ಇಲ್ಲದ ಎಂಜಿನ್ ಕಲಬುರಗಿಯ ಮೇ ತಿಂಗಳಲ್ಲಿ ಶೇ. 10ರಷ್ಟು ಕಡಿಮೆ ಗಾಳಿ ಸೇವಿಸುತ್ತದೆ. ಅಷ್ಟರಮಟ್ಟಿಗೆ ಬಲವೂ ತಗ್ಗುತ್ತದೆ.

ರೇಡಿಯೇಟರಿನ ಪಾಡು ಇನ್ನೂ ಕಷ್ಟ. ಅದು ಹೊರಹಾಕುವ ಉಷ್ಣ, ನೀರಿನ ಮತ್ತು ಹೊರಗಿನ ಗಾಳಿಯ ಉಷ್ಣತೆಗಳ ಅಂತರಕ್ಕೆ ಅನುಪಾತದಲ್ಲಿರುತ್ತದೆ. ನೀರು 95 ಡಿಗ್ರಿ, ಗಾಳಿ 25 ಡಿಗ್ರಿ ಇದ್ದರೆ ಅಂತರ 70. ಗಾಳಿ 43 ಡಿಗ್ರಿಗೆ ಏರಿದರೆ ಅಂತರ 52ಕ್ಕೆ ಇಳಿಯುತ್ತದೆ. ತಂಪು ಮಾಡುವ ಸಾಮರ್ಥ್ಯದ ಕಾಲುಭಾಗ ಅಲ್ಲೇ ಹೋಯಿತು. ಕೊಳವೆಬಾವಿಯ ಗಡಸು ನೀರು ತುಂಬಿ ತುಂಬಿ ಒಳಗೆ ಸುಣ್ಣ ಕಟ್ಟಿದ್ದರೆ ಇನ್ನಷ್ಟು ಕಡಿತ. ಡೀಸೆಲ್‌ನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಚಕ್ರದ ಕಡೆಗೆ ಹೋಗುತ್ತದೆ. ಉಳಿದದ್ದು ಹೊಗೆಕೊಳವೆಯಿಂದಲೂ ರೇಡಿಯೇಟರಿನಿಂದಲೂ ಉಷ್ಣವಾಗಿ ಹೊರಬೀಳಬೇಕು. ಎಂಜಿನ್ನಿನ ಬಲವನ್ನು ಶೇ. 30 ಏರಿಸಿದರೆ ಹೊರಹಾಕಬೇಕಾದ ಉಷ್ಣವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ತಯಾರಕರು ಬಿಸಿಲ ನಾಡಿಗೆಂದು ಒಂದಿಷ್ಟು ಅಂಚನ್ನು ಬಿಟ್ಟಿರುತ್ತಾರೆ, ನಿಜ. ‘ಪವರ್ ಕಿಟ್’ ನುಂಗುವುದು ಆ ಅಂಚನ್ನೇ. ಕರಪತ್ರದಲ್ಲಿ ರೇಡಿಯೇಟರಿನ ಮಾತು ಇರುವುದಿಲ್ಲ.

ಮ್ಯಾಗ್ನೆಟ್ಟು, ಹೈಡ್ರೋಜನ್ನು

ಅಗ್ಗದ ಜೋಡಣೆಗಳನ್ನು ಮೊದಲು ಪರಿಶೀಲಿಸೋಣ. ಡೀಸೆಲ್ ಪೈಪಿನ ಸುತ್ತ ಕಾಂತ ಕಟ್ಟಿದರೆ ‘ಇಂಧನದ ಅಣುಗಳು ಬಿಡಿಬಿಡಿಯಾಗಿ ಪೂರ್ಣವಾಗಿ ಉರಿಯುತ್ತವೆ’ ಎಂಬುದು ವಾದ. ಡೀಸೆಲ್ ಒಂದು ಹೈಡ್ರೋಕಾರ್ಬನ್ ಮಿಶ್ರಣ. ಅದು ಡಯಾಮ್ಯಾಗ್ನೆಟಿಕ್, ಅಂದರೆ ಕಾಂತಕ್ಷೇತ್ರಕ್ಕೆ ಅತ್ಯಲ್ಪವಾಗಿ, ಅದೂ ವಿಕರ್ಷಣೆಯ ರೂಪದಲ್ಲಿ, ಸ್ಪಂದಿಸುವ ವಸ್ತು. ಅರ್ಧ ಟೆಸ್ಲಾದಷ್ಟು ಬಲವಾದ ಕಾಂತಕ್ಷೇತ್ರದಲ್ಲಿಯೂ ಒಂದು ಅಣುವಿನ ಮೇಲಾಗುವ ಶಕ್ತಿಯ ಬದಲಾವಣೆ, ಅದೇ ಅಣು ಕೋಣೆಯ ಉಷ್ಣತೆಯಲ್ಲಿ ಹೊಂದಿರುವ ಉಷ್ಣಚಲನೆಯ ಶಕ್ತಿಯ ಒಂದು ಕೋಟಿಯಲ್ಲಿ ಒಂದು ಭಾಗ. ಜಾತ್ರೆಯ ನೂಕುನುಗ್ಗಲಿನಲ್ಲಿ ಒಬ್ಬರು ಪಿಸುಗುಟ್ಟಿ ಜನರನ್ನು ಸಾಲಾಗಿ ನಿಲ್ಲಿಸಿದೆ ಎಂದಂತೆ ಇದು. ಅಲ್ಲದೆ ಸುಸ್ಥಿತಿಯ ಡೀಸೆಲ್ ಎಂಜಿನ್ನಿನಲ್ಲಿ ಇಂಧನದ ಶೇ. 98ಕ್ಕೂ ಹೆಚ್ಚು ಭಾಗ ಈಗಾಗಲೇ ಉರಿದಿರುತ್ತದೆ. ‘ಪೂರ್ಣ ದಹನ’ದಿಂದ ಶೇ. 20 ಉಳಿತಾಯ ಎನ್ನುವವರು ಆ 20ನ್ನು ಯಾವ ಜೇಬಿನಿಂದ ತೆಗೆಯುತ್ತಾರೆ?

ಹೈಡ್ರೋಜನ್ ಕಿಟ್ಟಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಬ್ಯಾಟರಿಯ ವಿದ್ಯುತ್ತಿನಿಂದ ನೀರನ್ನು ಒಡೆದು, ಬಂದ ಅನಿಲವನ್ನು ಎಂಜಿನ್ನಿಗೆ ಊಡಿಸಿದರೆ ಮೈಲೇಜ್ ಏರುತ್ತದಂತೆ. ಗಾಡಿಯ ಆಲ್ಟರ್ನೇಟರ್ 14 ವೋಲ್ಟಿನಲ್ಲಿ 20 ಆಂಪಿಯರ್ ಕೊಟ್ಟಿತೆನ್ನಿ. ಅದು 280 ವ್ಯಾಟ್. ಆಲ್ಟರ್ನೇಟರಿನ ದಕ್ಷತೆ ಶೇ. 55 ಆದರೆ ಎಂಜಿನ್ನಿನ ಪಟ್ಟಿ ಅದಕ್ಕಾಗಿ ಸುಮಾರು 510 ವ್ಯಾಟ್ ಎಳೆಯುತ್ತದೆ. ಎಂಜಿನ್ನಿನ ದಕ್ಷತೆ ಶೇ. 30 ಆದರೆ ಅಷ್ಟಕ್ಕೆ ಸುಡಬೇಕಾದ ಡೀಸೆಲ್ 1,700 ವ್ಯಾಟಿನಷ್ಟು. ಕೊನೆಗೆ ಕೈಗೆ ಬರುವ ಹೈಡ್ರೋಜನ್ ಸುಮಾರು 170 ವ್ಯಾಟಿನದು. ಹತ್ತು ರೂಪಾಯಿ ಕೊಟ್ಟು ಒಂದು ರೂಪಾಯಿ ಪಡೆಯುವ ವ್ಯಾಪಾರ. ಅದೇ ಹೊತ್ತಿಗೆ ಗಾಡಿ ಓಡಲು ಉರಿಯುತ್ತಿರುವ ಡೀಸೆಲ್ 36,000 ವ್ಯಾಟ್. ಅದರ ಮುಂದೆ ಈ 170 ವ್ಯಾಟ್ ಯಾವ ಲೆಕ್ಕಕ್ಕೂ ಬಾರದು. ಹೈಡ್ರೋಜನ್ ದಹನವನ್ನು ‘ಚುರುಕುಗೊಳಿಸುತ್ತದೆ’ ಎಂಬ ಎರಡನೇ ವಾದವೂ ಉಂಟು. ಅಷ್ಟು ಅಲ್ಪ ಪ್ರಮಾಣಕ್ಕೆ ಈಗಾಗಲೇ ಹೇಳಿದ ಶೇ. 98ರ ಉತ್ತರವೇ ಸಾಕು.

ಟ್ಯಾಂಕಿಗೆ ಸುರಿಯುವ ದ್ರವಗಳಲ್ಲಿ ನಾಝಲ್ ಶುಚಿಗೊಳಿಸುವ ಮತ್ತು ಸೀಟೇನ್ ಅಂಕ ಏರಿಸುವ ರಾಸಾಯನಿಕಗಳು ಇರಬಹುದು, ಅವು ಸುಳ್ಳಲ್ಲ. ಆದರೆ ನಮ್ಮ ದೇಶದ ಡೀಸೆಲ್‌ಗೆ ಕನಿಷ್ಠ ಸೀಟೇನ್ ಅಂಕ 51 ಇರಬೇಕೆಂಬ ನಿಯಮ ಮೊದಲೇ ಇದೆ.

ಇಂಥ ಸಾಧನಗಳ ಬಗ್ಗೆ ಪರೀಕ್ಷೆಗಳೇ ನಡೆದಿಲ್ಲ ಎಂದೇನೂ ಅಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುವುದಾಗಿ ಹೇಳಿಕೊಂಡ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಉಪಯೋಗ ಕಂಡದ್ದು ಬೆರಳೆಣಿಕೆಯವುಗಳಲ್ಲಿ, ಅದೂ ಅತ್ಯಲ್ಪ. ನಮ್ಮಲ್ಲಿ ಪುಣೆಯ ಎ.ಆರ್.ಎ.ಐ. ಹೆಸರನ್ನು ಕರಪತ್ರಗಳಲ್ಲಿ ಎಳೆದು ತರುವುದುಂಟು. ಹಾಗೆ ಕಂಡರೆ ವರದಿಯ ಪ್ರತಿಯನ್ನೇ ಕೇಳಿ ಓದಬೇಕು. ಯಾವ ಎಂಜಿನ್, ಯಾವ ಭಾರ, ಎಷ್ಟು ಸಲ, ಜೋಡಣೆ ಇಲ್ಲದೆಯೂ ಓಡಿಸಿ ಹೋಲಿಸಿದ್ದರೆ? ‘ಪರೀಕ್ಷಿಸಲಾಗಿದೆ’ ಎಂಬುದಕ್ಕೂ ‘ಉಳಿತಾಯ ಸಾಬೀತಾಗಿದೆ’ ಎಂಬುದಕ್ಕೂ ಇರುವ ದೂರ ಕಲಬುರಗಿಗೂ ಪುಣೆಗೂ ಇರುವಷ್ಟೇ ಇದೆ. ಎಲ್ಲ ಕರಪತ್ರಗಳನ್ನೂ ಒಟ್ಟಿಗೆ ನಂಬಿ, ಒಂದರಿಂದ ಶೇ. 20, ಮತ್ತೊಂದರಿಂದ 30, ಮಗದೊಂದರಿಂದ 25 ಎಂದು ಕೂಡಿಸುತ್ತ ಹೋದರೆ ಡೀಸೆಲ್ ಹಾಕಿಸುವ ಅಗತ್ಯವೇ ಬೀಳಬಾರದು.

ಧೂಳಿನ ನಾಡಿನಲ್ಲಿ ‘ಫ್ರೀ ಫ್ಲೋ’

ಏರ್ ಫಿಲ್ಟರಿನ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳಬಯಸುತ್ತೇನೆ. ಶುಚಿಯಾದ ಮೂಲ ಫಿಲ್ಟರ್ ಗಾಳಿಯ ಒತ್ತಡದಲ್ಲಿ ಉಂಟುಮಾಡುವ ಇಳಿತ ಶೇ. 2-3. ಫಿಲ್ಟರನ್ನು ಪೂರ್ತಿ ಕಿತ್ತೆಸೆದರೂ ಸಿಗುವ ಲಾಭ ಅಷ್ಟೇ. ಅದೂ ಪೂರ್ಣ ಬಲ ಎಳೆಯುವಾಗ ಮಾತ್ರ. ಡೀಸೆಲ್ ಎಂಜಿನ್ನಿನಲ್ಲಿ ಸಾಮಾನ್ಯ ಓಟದ ಹೊತ್ತಿಗೆ ಗಾಳಿ ಅಗತ್ಯಕ್ಕಿಂತ ಹೆಚ್ಚೇ ಇರುತ್ತದೆ. ಆದ್ದರಿಂದ ಮೈಲೇಜಿನಲ್ಲಿ ಬದಲಾವಣೆ ಕಾಣುವುದಿಲ್ಲ.

ಇದಕ್ಕೆ ತೆರುವ ಬೆಲೆ ಏನು? ಬೇಸಿಗೆಯ ಎರೆಮಣ್ಣಿನ ಹೊಲದ ದಾರಿ, ಶಹಾಬಾದಿನ ಕಲ್ಲುಗಣಿ, ವಾಡಿ-ಸೇಡಂ ಕಡೆಯ ಸಿಮೆಂಟ್ ಸಾಗಣೆ: ಈ ಜಿಲ್ಲೆಯ ರಸ್ತೆಯಲ್ಲಿ ಎಂಜಿನ್ ಸೇವಿಸುವುದು ಬರೀ ಗಾಳಿಯನ್ನಲ್ಲ. ಎರಡೂವರೆ ಲೀಟರಿನ ಎಂಜಿನ್ ನಿಮಿಷಕ್ಕೆ 2,000 ಸುತ್ತಿನಲ್ಲಿ ಎರಡು ಸಾವಿರ ಲೀಟರಿಗೂ ಹೆಚ್ಚು ಗಾಳಿ ಎಳೆಯುತ್ತದೆ. ಅದರೊಳಗಿನ ಸಿಲಿಕಾ ಕಣಗಳು ಪಿಸ್ಟನ್ ರಿಂಗ್ ಮತ್ತು ಲೈನರ್ ನಡುವಿನ ಎಣ್ಣೆಯ ಪದರಕ್ಕಿಂತ ದಪ್ಪವಾಗಿದ್ದರೆ ಮರಳುಕಾಗದದಂತೆ ಉಜ್ಜುತ್ತವೆ. ರಿಂಗ್ ಸವೆದಂತೆ ಕಂಪ್ರೆಶನ್ ಇಳಿಯುತ್ತದೆ. ‘ದಮ್ಮು’ ಹೋಗುವುದು ಹೀಗೆಯೇ. ಹೆಚ್ಚು ಗಾಳಿ ಬಿಡುವ ಜಾಳು ಫಿಲ್ಟರ್ ಕೊಂಡವನು, ಒಂದೆರಡು ವರ್ಷದಲ್ಲಿ ಬಲ ಕಳೆದುಕೊಳ್ಳುವ ಏರ್ಪಾಡನ್ನು ಹಣ ಕೊಟ್ಟು ಮಾಡಿಸಿಕೊಂಡಂತಾಯಿತು. ಮೂಲ ಫಿಲ್ಟರನ್ನೇ ಕಾಲಕಾಲಕ್ಕೆ ಬದಲಿಸಿ, ಅದರ ಹಿಂದಿನ ರಬ್ಬರ್ ಕೊಳವೆ ಬಿರುಕು ಬಿಟ್ಟಿದೆಯೇ ಎಂದು ನೋಡುವುದು ಇಲ್ಲಿ ಹೆಚ್ಚು ಪ್ರಯೋಜನಕಾರಿ. ಫಿಲ್ಟರ್ ಸರಿಯಿದ್ದು ಕೊಳವೆ ಹರಿದಿದ್ದರೆ ಧೂಳಿಗೆ ಅದೇ ರಾಜಮಾರ್ಗ.

ಪಂಪಿನ ಸ್ಕ್ರೂ ಮತ್ತು ಟರ್ಬೊ

ಹಳೆಯ ಗಾಡಿಗಳ ಡೀಸೆಲ್ ಪಂಪನ್ನು ನಮ್ಮ ಮಿಸ್ತ್ರಿಗಳು ಇಂದಿಗೂ ‘ಮೈಕೋ ಪಂಪ್’ ಎನ್ನುತ್ತಾರೆ. 1951ರಲ್ಲಿ ಆರಂಭವಾದ ಬೆಂಗಳೂರಿನ ಮೈಕೋ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯಿತು. ಗ್ಯಾರೇಜಿನ ಭಾಷೆ ಮಾತ್ರ ಬದಲಾಗಲಿಲ್ಲ. ಈ ಪಂಪಿನಲ್ಲಿ ಗರಿಷ್ಠ ಇಂಧನದ ಮಿತಿಯನ್ನು ನಿರ್ಧರಿಸಿ ಸೀಲು ಮಾಡಿದ ಒಂದು ಸ್ಕ್ರೂ ಇರುತ್ತದೆ. ಅದನ್ನು ಅರ್ಧ ಸುತ್ತು ತಿರುಗಿಸಿದರೆ ಗಾಡಿ ಚುರುಕಾದಂತೆ ಅನ್ನಿಸುತ್ತದೆ. ಅದು ಭ್ರಮೆಯಲ್ಲ, ಡೀಸೆಲ್ ಹೆಚ್ಚು ಹೋದಾಗ ಬಲ ಸ್ವಲ್ಪ ಏರುವುದು ನಿಜವೇ. ಆದರೆ ಗಾಳಿ ಅಷ್ಟೇ ಇದೆ. ಹೆಚ್ಚಿನ ಇಂಧನದಲ್ಲಿ ಒಂದು ಪಾಲು ಮಸಿಯಾಗುತ್ತದೆ, ಒಂದು ಪಾಲು ತಡವಾಗಿ ಉರಿದು ಹೊಗೆಯ ಉಷ್ಣತೆಯನ್ನು ಏರಿಸುತ್ತದೆ. ಎಕ್ಸಾಸ್ಟ್ ವಾಲ್ವ್, ಪಿಸ್ಟನ್ನಿನ ತಲೆ, ಹೆಡ್ ಗ್ಯಾಸ್ಕೆಟ್ ಅದನ್ನು ಸಹಿಸಬೇಕು. ಹೊಗೆ ತಪಾಸಣೆಯಲ್ಲಿ ಬಿ.ಎಸ್. 4ಕ್ಕಿಂತ ಹಿಂದಿನ ಡೀಸೆಲ್ ವಾಹನಕ್ಕೆ 65 ಹಾರ್ಟ್‌ರಿಜ್ ಅಂಕಗಳ ಮಿತಿ ಇದೆ, ಬಿ.ಎಸ್. 4ಕ್ಕೆ 50. ಸ್ಕ್ರೂ ತಿರುಗಿಸಿದ ಗಾಡಿ ಆ ಮಿತಿಯೊಳಗೆ ನಿಲ್ಲುವುದು ಕಷ್ಟ.

ಇನ್ನು ಟರ್ಬೊ. ಈ ಸಾಲಿನಲ್ಲಿ ಭೌತವಿಜ್ಞಾನದ ಆಧಾರವಿರುವ ಜೋಡಣೆ ಇದೊಂದೇ ಎನ್ನಬೇಕು. ಹೊಗೆಯಲ್ಲಿ ವ್ಯರ್ಥವಾಗುವ ಶಕ್ತಿಯಿಂದ ಚಕ್ರ ತಿರುಗಿಸಿ ಗಾಳಿಯನ್ನು ಒತ್ತಿ ತುಂಬುವ ವಿಧಾನ ಜಾಣತನದ್ದು. ಕರಪತ್ರದ ಲೆಕ್ಕವನ್ನು ಮಾತ್ರ ಹಾಗೆಯೇ ಒಪ್ಪಲಾಗದು. ಒತ್ತಡವನ್ನು 1.6 ಪಟ್ಟು ಮಾಡಿದರೆ ಗಾಳಿ ಶೇ. 60 ಹೆಚ್ಚು ಹೋಗುತ್ತದೆ ಎಂದು ಅವರು ಹೇಳುತ್ತಾರೆ. ಸೈಕಲ್ ಪಂಪು ಬಿಸಿಯಾಗುವಂತೆ ಒತ್ತಿದ ಗಾಳಿ ಕಾಯುತ್ತದೆ ಎಂಬುದನ್ನು ಮರೆಯುತ್ತಾರೆ. 43 ಡಿಗ್ರಿಯ ಗಾಳಿ ಸಾಮಾನ್ಯ ದಕ್ಷತೆಯ ಕಂಪ್ರೆಸರ್‌ನಿಂದ ಹೊರಬರುವಾಗ ಸುಮಾರು 113 ಡಿಗ್ರಿ ಇರುತ್ತದೆ. ಕಾದು ಹಿಗ್ಗಿದ್ದರಿಂದ ನಿಜವಾಗಿ ಹೆಚ್ಚಾದ ಗಾಳಿ ಶೇ. 31 ಮಾತ್ರ. ಇಂಟರ್‌ಕೂಲರ್ ಹಾಕಿ 65 ಡಿಗ್ರಿಗೆ ಇಳಿಸಿದರೆ ಶೇ. 50. ಆದ್ದರಿಂದ ಇಂಟರ್‌ಕೂಲರ್ ಇಲ್ಲದ ಟರ್ಬೊ ಕಿಟ್ ನಮ್ಮ ಬಿಸಿಲಿಗೆ ಅರೆಬರೆ ಕೆಲಸ.

ಟರ್ಬೊ ಇಲ್ಲದೆ ಬಂದ ಎಂಜಿನ್ನಿನ ಸಂಪೀಡನ ಅನುಪಾತ, ಪಿಸ್ಟನ್, ಬೇರಿಂಗ್ ಎಲ್ಲವೂ ಕಡಿಮೆ ಒತ್ತಡಕ್ಕೆಂದು ರೂಪಿಸಿದವು. ಕಾರ್ಖಾನೆಯಲ್ಲಿ ಅದೇ ಎಂಜಿನ್ನಿಗೆ ಟರ್ಬೊ ಅಳವಡಿಸುವಾಗ ಪಿಸ್ಟನ್ನಿನ ಕೆಳಗೆ ಎಣ್ಣೆ ಚಿಮ್ಮಿಸುವ ಏರ್ಪಾಡು, ದೊಡ್ಡ ಆಯಿಲ್ ಕೂಲರ್, ಬೇರೆ ಗ್ಯಾಸ್ಕೆಟ್ ಹೀಗೆ ಅನೇಕ ಬದಲಾವಣೆಗಳಾಗುತ್ತವೆ. ಟರ್ಬೊದ ಒಳಗಿನ ದಂಡ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅದಕ್ಕೆ ಇರುವ ಆಸರೆ ಎಂಜಿನ್ ಎಣ್ಣೆಯ ತೆಳು ಪದರವಷ್ಟೇ. ಎರಡು ಲಕ್ಷ ಕಿ.ಮೀ. ಓಡಿ ರಿಂಗ್ ಸವೆದು ಎಣ್ಣೆ ಮಸಿಯಾಗುವ ಎಂಜಿನ್ನಿಗೆ ಇದನ್ನು ಕಟ್ಟುವುದೆಂದರೆ ಮಂಡಿನೋವಿನ ಮುದುಕನ ಹೆಗಲಿಗೆ ಇನ್ನೊಂದು ಮೂಟೆ ಏರಿಸಿದಂತೆ. 2017ರ ಏಪ್ರಿಲ್‌ನಿಂದ ದೇಶದಾದ್ಯಂತ ಬಿ.ಎಸ್. 4 ಬಂದ ಮೇಲಿನ ಹಲವು ವಾಹನಗಳಲ್ಲಿ ಟರ್ಬೊ ಮೊದಲೇ ಇದೆ. ಅಲ್ಲಿ ಮಾರಾಟವಾಗುವುದು ‘ಟ್ಯೂನಿಂಗ್ ಬಾಕ್ಸ್’. ಗಣಕಕ್ಕೆ ಸುಳ್ಳು ಸಂಕೇತ ಕೊಟ್ಟು ಹೆಚ್ಚು ಡೀಸೆಲ್ ಸುರಿಸುವ ಉಪಾಯ ಅದು. ಪಂಪಿನ ಸ್ಕ್ರೂ ಎಲೆಕ್ಟ್ರಾನಿಕ್ ವೇಷ ತೊಟ್ಟು ಬಂದಿದೆ ಎಂದರೆ ಸಾಕು.

ಕಾನೂನಿನ ಮಾತು ಚಿಕ್ಕದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ಸೇರಿಸಲಾಗಿದೆ. ಅಪಘಾತವಾದ ಮೇಲೆ ವಿಮಾ ಕಂಪನಿಯವರು ಬಾನೆಟ್ ತೆರೆದು ನೋಡುತ್ತಾರೆ ಎಂಬುದು ಟರ್ಬೊ ಮಾರುವವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಬಲ ಏರಿತು, ಬ್ರೇಕು?

ಈ ಜೋಡಣೆಗಳ ಬಗ್ಗೆ ನನಗಿರುವ ದೊಡ್ಡ ಆತಂಕ ಎಂಜಿನ್ನಿನದಲ್ಲ. 2,900 ಕಿ.ಗ್ರಾಂ. ತೂಕದ ಗಾಡಿ 60ರ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 4 ಲಕ್ಷ ಜೂಲ್. ಅತಿಭಾರದ 4,150 ಕಿ.ಗ್ರಾಂ. ಗಾಡಿ 80ರ ವೇಗದಲ್ಲಿದ್ದಾಗ 10 ಲಕ್ಷ ಜೂಲ್ ದಾಟುತ್ತದೆ. ನಿಲ್ಲಿಸುವಾಗ ಇಷ್ಟೂ ಶಕ್ತಿ ಮುಖ್ಯವಾಗಿ ಬ್ರೇಕಿನಲ್ಲಿ ಉಷ್ಣವಾಗಬೇಕು. ಎಂಜಿನ್ನಿನ ಬಲ ಏರಿಸಿದವನು ಡ್ರಮ್ಮಿನ ಗಾತ್ರ ಏರಿಸಿರುವುದಿಲ್ಲ. ಮೊದಲು ಗಾಡಿಗೆ ‘ದಮ್ಮಿಲ್ಲ’ದ್ದರಿಂದ ಅತಿಭಾರದೊಂದಿಗೆ 80ರ ವೇಗ ತಲುಪುವುದು ತಡವಾಗುತ್ತಿತ್ತು, ದುರ್ಬಲ ಎಂಜಿನ್ನೇ ಒಂದು ಬಗೆಯ ಕಾವಲುಗಾರನಾಗಿತ್ತು. ಆ ಕಾವಲನ್ನು ತೆಗೆದು ಹುಮನಾಬಾದ್ ಹೆದ್ದಾರಿಯಲ್ಲಿ ಇಳಿಜಾರಿಗೆ ಬಿಟ್ಟರೆ ಲೈನಿಂಗ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ಒತ್ತಿದರೂ ಗಾಡಿ ನಿಲ್ಲದ ಆ ಕ್ಷಣದಲ್ಲಿ ರಸ್ತೆ ಬದಿಯಲ್ಲಿ ನಡೆದು ಹೋಗುವವರ ಗತಿಯೇನು?

ಹಣ ಹಾಕುವುದಾದರೆ

ಹಾಗಾದರೆ ಹಳೆಯ ಗಾಡಿಗೆ ಏನೂ ಮಾಡಬಾರದೇ? ಮಾಡಬೇಕು. ಆದರೆ ಮೇಲ್ದರ್ಜೆಗೆ ಏರಿಸುವ ಮೊದಲು ಮೂಲಸ್ಥಿತಿಗೆ ತರಬೇಕು. ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ಅಳೆಯಿಸಿ. ನಾಲ್ಕೂ ಹೆಚ್ಚುಕಡಿಮೆ ಒಂದೇ ಇದ್ದು, ತಯಾರಕರು ಹೇಳಿದ ಕನಿಷ್ಠಕ್ಕಿಂತ ಮೇಲಿದ್ದರೆ ಎಂಜಿನ್ ಗಟ್ಟಿಯಾಗಿದೆ. ಆಗ ನಾಝಲ್‌ಗಳನ್ನು ಕಳಚಿ ಕೈಪಂಪಿನ ಮೇಲೆ ಇಟ್ಟು ತುಂತುರು ನೋಡಿಸಬೇಕು. ಕೂದಲೆಳೆಯಂಥ ರಂಧ್ರಗಳಿಂದ ಮಂಜಿನಂತೆ ಬರಬೇಕಾದ ಡೀಸೆಲ್ ತೊಟ್ಟಿಕ್ಕುತ್ತಿದ್ದರೆ ಬಲವೂ ಮೈಲೇಜೂ ಸೋರುತ್ತಿರುವುದು ಅಲ್ಲಿಂದಲೇ. ಪಂಪನ್ನು ಸ್ಕ್ರೂಡ್ರೈವರಿನಿಂದಲ್ಲ, ಪರೀಕ್ಷಾ ಬೆಂಚಿನ ಮೇಲೆ ಸರಿಪಡಿಸಬೇಕು. ವಾಲ್ವ್ ಅಂತರ, ಜಾರುವ ಕ್ಲಚ್, ಹಿಡಿದುಕೊಂಡಿರುವ ಬ್ರೇಕ್, ಗಾಳಿ ಇಳಿದ ಟೈರು ಇವೂ ‘ದಮ್ಮಿಲ್ಲ’ದ ಕಾರಣಗಳೇ, ಕೊನೆಯದಕ್ಕೆ ಖರ್ಚೂ ಇಲ್ಲ. ಸಮತಟ್ಟಿನಲ್ಲಿ ಬೇಕಾದ ಬಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಟೈರಿಗೆ ಎಂಬುದನ್ನು ಮೊದಲ ಲೆಕ್ಕದಲ್ಲಿಯೇ ಕಂಡೆವು. ರೇಡಿಯೇಟರನ್ನು ಏಪ್ರಿಲ್‌ಗೆ ಮೊದಲು ತೊಳೆಸಿ.

ಕಂಪ್ರೆಶನ್ ಕುಸಿದಿದ್ದರೆ ರಿಂಗ್, ಲೈನರ್ ಬದಲಿಸುವ ಕೆಲಸವೇ ದಾರಿ. ಅದು ದುಬಾರಿ, ಗಾಡಿಯ ಮಾರಾಟ ಬೆಲೆಯೊಂದಿಗೆ ತೂಗಿ ನೋಡಬೇಕು. ಆ ಹಣದಲ್ಲಿ ಅರ್ಧವನ್ನು ಟರ್ಬೊಕ್ಕೆ ಹಾಕಿ ಸವೆದ ಎಂಜಿನ್ನನ್ನು ಹಾಗೆಯೇ ಉಳಿಸಿಕೊಳ್ಳುವ ಆಯ್ಕೆ ಎಲ್ಲಕ್ಕಿಂತ ಕೆಟ್ಟದ್ದು.

ಚಾಲಕರು ಯಾಕೆ ನಂಬುತ್ತಾರೆ?

‘ನಾನೇ ಹಾಕಿ ನೋಡೀನಿ, ಮೈಲೇಜ್ ಬಂದದ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಜೋಡಣೆ ಹಾಕಿದ ದಿನವೇ ಸರ್ವಿಸ್ ಮಾಡಿಸಿರುತ್ತಾರೆ, ಟೈರಿಗೆ ಗಾಳಿ ಹಾಕಿಸಿರುತ್ತಾರೆ, ಹಣ ಕೊಟ್ಟ ಕಾಳಜಿಯಿಂದ ಮೆಲ್ಲಗೆ ಓಡಿಸಿರುತ್ತಾರೆ. ಅಳತೆಯ ದೋಷ ಬೇರೆ ಇದೆ. ಕಲಬುರಗಿಯಿಂದ ಕಮಲಾಪುರಕ್ಕೆ ಸುಮಾರು 35 ಕಿ.ಮೀ., ಹೋಗಿ ಬಂದರೆ 70. ಲೀಟರಿಗೆ 14 ಕಿ.ಮೀ. ಕೊಡುವ ಗಾಡಿ ಇದಕ್ಕೆ 5 ಲೀಟರ್ ಕುಡಿಯುತ್ತದೆ. ಟ್ಯಾಂಕ್ ತುಂಬಿಸುವಾಗ ನೊರೆ, ಗಾಡಿ ನಿಂತ ವಾಲಿಕೆ ಇವುಗಳಿಂದ ಅರ್ಧ ಲೀಟರ್ ಹೆಚ್ಚುಕಡಿಮೆ ಆಗುವುದು ಸಹಜ. ಅರ್ಧ ಲೀಟರ್ ಎಂದರೆ ಶೇ. 10! ಒಂದೇ ಸುತ್ತಿನಲ್ಲಿ ಕಂಡ ಶೇ. 10ರ ಏರಿಕೆ ಜೋಡಣೆಯದೋ ನೊರೆಯದೋ ಹೇಳಲಾಗದು.

ನಿಜವಾಗಿ ಪರೀಕ್ಷಿಸುವವರು ಹೀಗೆ ಮಾಡಬಹುದು. ಒಂದೇ ಪಂಪಿನ ಒಂದೇ ಜಾಗದಲ್ಲಿ ಟ್ಯಾಂಕ್ ತುಂಬಿಸಿ, ಅದೇ ದಾರಿಯಲ್ಲಿ, ಅದೇ ಭಾರದೊಂದಿಗೆ ಜೋಡಣೆ ಇಲ್ಲದೆ ಹತ್ತು ಸುತ್ತು ಓಡಿಸಬೇಕು. ನಡುವೆ ಎಷ್ಟು ಲೀಟರ್ ಹಾಕಿದರೂ ಬರೆದಿಟ್ಟುಕೊಂಡು, ಕೊನೆಯಲ್ಲಿ ಮತ್ತೆ ಅದೇ ಜಾಗದಲ್ಲಿ ತುಂಬಿಸಬೇಕು. 50 ಲೀಟರಿನಲ್ಲಿ ಅರ್ಧ ಲೀಟರಿನ ದೋಷ ಶೇ. 1 ಮಾತ್ರ. ನಂತರ ಜೋಡಣೆ ಹಾಕಿ ಹತ್ತು ಸುತ್ತು, ಮತ್ತೆ ತೆಗೆದು ಹತ್ತು ಸುತ್ತು. ಮೂರನೆಯ ಹತ್ತು ಬಹಳ ಮುಖ್ಯ, ಯಾಕೆಂದರೆ ಹವಾಮಾನವೋ ಚಾಲಕನ ಎಚ್ಚರವೋ ಬದಲಾಗಿದ್ದರೆ ಅಲ್ಲಿ ಬಯಲಾಗುತ್ತದೆ. ಮ್ಯಾಗ್ನೆಟ್ಟಿನಂಥದ್ದಾದರೆ ಅದು ಕಟ್ಟಿದೆಯೋ ಇಲ್ಲವೋ ಎಂಬುದು ಚಾಲಕನಿಗೆ ತಿಳಿಯದಂತೆ ಮಿಸ್ತ್ರಿಯೇ ಮಾಡುವುದು ಇನ್ನೂ ಒಳ್ಳೆಯದು. ಕಾಲೇಜಿನ ವಿಜ್ಞಾನ ಸಂಘದವರು ಯಾರಾದರೂ ಊರಿನ ಗಾಡಿ ಮಾಲೀಕರೊಬ್ಬರನ್ನು ಒಪ್ಪಿಸಿ ಈ ಮೂವತ್ತು ಸುತ್ತುಗಳ ಲೆಕ್ಕ ಇಟ್ಟರೆ, ಫಲಿತಾಂಶ ಯಾವ ಕಡೆಗೆ ವಾಲಿದರೂ ಸರಿ, ದಿನಾಂಕ, ಭಾರ, ಲೀಟರ್ ಸಮೇತ ಈ ಪತ್ರಿಕೆಗೆ ಬರೆದು ಕಳಿಸಲಿ.